ಮೆಂತ್ಯದ ಡಬ್ಬಿಯಲ್ಲಿ ರೋಮಿನ ದೊರೆ

ಆ ರಜೆಯಲ್ಲಿ ನಿಮ್ಮತ್ತೆಯ ಮಗಳು, ಸಿಡ್ನಿಯ ಲಿವರ್‌ಪೂಲ್ ಅಕ್ಕ, ಮ್ಯೂಸಿಯಂನಿಂದ ಕಣ್ಣು ಕೆಂಪು ಮಾಡಿಕೊಂಡು ಯಾಕೆ ಬಂದಳು ಎಂದು ನೀವಿಬ್ಬರೂ ಕೇಳಿದ್ದಿರಿ. ನಾಳೆ ಹೇಳುತ್ತೇನೆ ಎಂದಿದ್ದೆ. ನಾಳೆ ನಾಳೆ ಎನ್ನುತ್ತಲೇ ನನ್ನ ಸರದಿಯ ಆರು ತಿಂಗಳು ಮುಗಿದು, ಟಾರ್ನೀಟ್‌ನ ನಿಮ್ಮ ಮನೆಯಿಂದ ಮತ್ತೆ ಸಿಡ್ನಿಗೆ ಬಂದುಬಿಟ್ಟೆ. ಬಾಯಿ ಬಿಟ್ಟು ಹೇಳುವುದೆಂದರೆ ನನಗೆ ಮೊದಲಿಂದಲೂ ಸಂಕೋಚ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಅಕ್ಷರ ಕೂಡಿಸಲು ಚೆನ್ನಾಗಿ ಬಂದ ಮೇಲೆ ನೀವೇ ಓದಿಕೊಳ್ಳಿ. ತಪ್ಪು ನನ್ನದು, ಅಕ್ಕನದಲ್ಲ. ಇಷ್ಟನ್ನು ಮೊದಲೇ ಬರೆದರೆ ಮುಂದಿನದು ಬರೆಯಲು ಧೈರ್ಯ ಬರುತ್ತದೆ.

ನಮ್ಮ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ಬಿಲ್ಲೆ ಇತ್ತು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಅಂಚಿನಲ್ಲಿ ದಾರ ಪೋಣಿಸುವಷ್ಟು ತೂತು. ಒಂದು ಮಗ್ಗುಲಲ್ಲಿ ಒಂದು ತಲೆ, ಇನ್ನೊಂದು ಮಗ್ಗುಲಲ್ಲಿ ಪೀಠದ ಮೇಲೆ ಕೂತ ಹೆಂಗಸು. ನಮ್ಮೂರು ಚಿತ್ರದುರ್ಗದ ಕಡೆ. ನಮ್ಮತ್ತೆಯ ಅತ್ತೆಗೆ ಹೊಲದಲ್ಲಿ ಕಳೆ ಕೀಳುವಾಗ ಅದು ಸಿಕ್ಕಿತಂತೆ. ಕೂತ ಹೆಂಗಸೆಂದರೆ ಲಕ್ಷ್ಮಿಯೇ ಎಂದು ಮನೆಯವರು ತೀರ್ಮಾನ ಮಾಡಿದರು. ಆ ಕಡೆಯ ತಲೆಯೂ ಅವಳದೇ, ಹತ್ತಿರದಿಂದ ಕಂಡಂತೆ ಎಂದುಕೊಂಡರು. ಯಾರೂ ಅನುಮಾನ ಪಡಲಿಲ್ಲ.

ನಾನು ಮದುವೆಯಾಗಿ ಬಂದ ವಾರವೇ ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. "ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕು. ಲಕ್ಷ್ಮಿ ಮುಖ ಫಳಫಳ ಅನ್ನಬೇಕು" ಎಂದರು. ನಾನು ತಿಕ್ಕಿದೆ. ಒಂದು ಶುಕ್ರವಾರವೂ ತಪ್ಪಿಸದೆ ತಿಕ್ಕಿದೆ. ತೊಳೆದು ಅಕ್ಕಿಯ ಬಟ್ಟಲಲ್ಲಿ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಹೂವಿಟ್ಟು ಕೈಮುಗಿಯುತ್ತಿದ್ದೆ.

ನಿಮ್ಮ ತಾತ ಹೋದ ಮೇಲೆ ಲಕ್ಷ್ಮಿಗೆ ನನ್ನ ಕೈಯಿಂದ ಕುಂಕುಮ ಇಡಲು ಮನಸ್ಸು ಒಪ್ಪಲಿಲ್ಲ. ಈಗಿನವರು ಅದೆಲ್ಲ ಏನೂ ಇಲ್ಲ ಎನ್ನುತ್ತಾರೆ, ನನ್ನ ಮಗಳು, ನಿಮ್ಮತ್ತೆಯೂ ಅಂದಳು. ಆದರೆ ನನ್ನ ಕೈ ಕುಂಕುಮದ ಬಟ್ಟಲ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಆಮೇಲೆ ದೇವರ ಪೆಟ್ಟಿಗೆಯೊಂದಿಗೆ ಲಿವರ್‌ಪೂಲ್‌ಗೆ ಮಗಳ ಮನೆಗೆ ಬಂದೆ. ಅಲ್ಲಿ ನಿಮ್ಮತ್ತೆಗೆ ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ, ಶುಕ್ರವಾರ ಬೆಳಿಗ್ಗೆ ಬಹಳ ಸಲ ಮನೆಯಲ್ಲಿರುತ್ತಿರಲಿಲ್ಲ. ಹಾಗಾಗಿ ಅಕ್ಕ ಸ್ಕೂಲಿಗೆ ಹೊರಡುವ ಮೊದಲು ಯೂನಿಫಾರಮ್ಮಿನಲ್ಲೇ ಬಂದು ಉಂಗುರ ಬೆರಳಲ್ಲಿ ಬಿಲ್ಲೆಗೆ ಕುಂಕುಮ ಇಟ್ಟು ಓಡುತ್ತಿದ್ದಳು. ಅದು ನಮ್ಮಿಬ್ಬರ ಕೆಲಸವಾಗಿತ್ತು.

ಒಂದು ಶುಕ್ರವಾರ ಅವಳು ಓಡಲಿಲ್ಲ. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತಳು. ಆಗ ಅವಳಿಗೆ ಸ್ಕೂಲಿನಲ್ಲಿ ರೋಮ್ ಪಾಠ ನಡೆಯುತ್ತಿತ್ತು. ಅವಳು ಮಾತಾಡುವುದು ಅರ್ಧ ಇಂಗ್ಲಿಷ್, ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ಅಜ್ಜಿ, ಇದು ಲಕ್ಷ್ಮಿ ಅಲ್ಲ. ಗಂಡಸು."

"ದೇವರ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಆಡಬೇಡ ಪುಟ್ಟಿ."

"ಲಕ್ಷ್ಮಿಗೆ ಜಡೆ ಎಲ್ಲಿ? ಓಲೆ ಎಲ್ಲಿ? ನೋಡು, ತಲೆ ಸುತ್ತ ಎಲೆ ಕಿರೀಟ. ನಮ್ಮ ಬುಕ್ಕಲ್ಲಿ ಇದೇ ಥರ ಇದೆ. ರೋಮಿನ ದೊರೆ!"

"ಮುಖ ಸವೆದಿದೆ, ನಿನಗೆ ಗೊತ್ತಾಗ್ತಿಲ್ಲ."

"ಯಾಕೆ ಸವೀತು?"

ನನ್ನ ಕೈಯಲ್ಲಿ ಹುಣಸೆಹಣ್ಣಿನ ಉಂಡೆ ಹಾಗೇ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ! ಎರಡು ಸಾವಿರ ವರ್ಷ ಯಾರಿಗೂ ಬಗ್ಗದೆ ಇದ್ದೋನು ಅವನು. ನೀನು ಅವನ ಮೂಗೇ ತಿಕ್ಕಿ ತೆಗೆದುಬಿಟ್ಟೆ!"

ನನಗೂ ನಗು ಬಂತು. ನಗುವಿನ ಜೊತೆಗೇ ಒಳಗೆ ಏನೋ ಅಳುಕು. ಇಷ್ಟು ವರ್ಷ ನಾನು ಯಾರಿಗೆ ಕೈಮುಗಿದೆ?

ಆಮೇಲಿನ ವಾರಗಳಲ್ಲಿ ಅವಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ನನಗೆ ಪಾಠ ಮಾಡಿದಳು. ರೋಮಿನವರ ಮನೆಯಲ್ಲೂ ದೇವರ ಗೂಡು ಇರುತ್ತಿತ್ತಂತೆ, ಎಷ್ಟೋ ಮನೆಗಳಲ್ಲಿ ಅಡುಗೆ ಒಲೆಯ ಹತ್ತಿರವೇ. ಮನೆಯ ಯಜಮಾನ ಅಲ್ಲಿ ಧೂಪ ಹಾಕಿ, ಹೂವಿಟ್ಟು, ಮಾಡಿದ ಅಡುಗೆಯಲ್ಲಿ ಒಂದು ತುತ್ತು ಎತ್ತಿಡುತ್ತಿದ್ದನಂತೆ. ಗೂಡಿನ ಕೆಳಗೆ ಗೋಡೆಯ ಮೇಲೆ ಹಾವಿನ ಚಿತ್ರ. ಬೂದಿಯಲ್ಲಿ ಮುಚ್ಚಿಹೋಗಿದ್ದ ಒಂದು ಊರನ್ನು ಅಗೆದು ತೆಗೆದಾಗ ಇವೆಲ್ಲ ಗೋಡೆಯ ಮೇಲೆ ಹಾಗೇ ಇದ್ದವಂತೆ. "ನಮ್ಮ ನಾಗರಕಲ್ಲಿನ ಹಾಗೇ" ಎಂದೆ. "ನಾನೂ ಅದನ್ನೇ ಬರೆದಿದೀನಿ ಅಜ್ಜಿ" ಎಂದಳು. ಮದುವೆಯ ಹಿಂದಿನ ದಿನ ಹುಡುಗಿ ತಾನು ಆಡಿದ ಗೊಂಬೆಗಳನ್ನು ದೇವರಿಗೆ ಒಪ್ಪಿಸಿಬಿಡುತ್ತಿದ್ದಳು ಎಂದು ಓದಿದವಳು, ನಾನು ಕೇಳಿದ್ದಕ್ಕೆ ಅದನ್ನೇ ಇನ್ನೊಮ್ಮೆ ಓದಿದಳು. ರೈಲಿನಲ್ಲಿ ಸಿಡ್ನಿಯ ಪೇಟೆಗೆ ಹೋದಾಗ ಹಳೇ ಕಟ್ಟಡಗಳ ಕಂಬ, ಕಮಾನು ತೋರಿಸಿ "ಇದೂ ಅವರನ್ನ ನೋಡಿ ಕಲಿತದ್ದೇ" ಎನ್ನುವಳು. ಜುಲೈ, ಆಗಸ್ಟ್ ಎನ್ನುವುದೂ ಅವರ ಕಡೆಯ ಇಬ್ಬರು ದೊಡ್ಡ ಮನುಷ್ಯರ ಹೆಸರಂತೆ. ನನ್ನ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುವಾಗಲೂ ಅವರು ಕೂತಿರುತ್ತಾರೆ ಎಂದು ಆವತ್ತೇ ಗೊತ್ತಾಗಿದ್ದು.

ಸ್ಕೂಲಿನಲ್ಲಿ ಅವಳಿಗೆ ರೋಮಿನ ಮನೆಯ ಮೇಲೆ ಪ್ರಾಜೆಕ್ಟ್. ಬಿಲ್ಲೆಯ ಫೋಟೋ ತೆಗೆದು ಟೀಚರಿಗೆ ತೋರಿಸಿದಳು. ಟೀಚರ್ ಕುರ್ಚಿ ಬಿಟ್ಟು ಎದ್ದು ನೋಡಿದರಂತೆ. ನಿಜವಾದದ್ದಿರಬಹುದು, ಪ್ರಾಜೆಕ್ಟಿನ ದಿನ ತಂದು ತೋರಿಸು, ಆಮೇಲೆ ತಿಳಿದವರ ಹತ್ತಿರ ಕೇಳೋಣ ಎಂದರಂತೆ. ಅವಳು ಮನೆಗೆ ಬಂದದ್ದು ನಡೆದುಕೊಂಡಲ್ಲ, ಹಾರಿಕೊಂಡು.

ಆ ಶನಿವಾರ ಮನೆಗೆ ನಾಲ್ಕು ಜನ ಊಟಕ್ಕೆ ಬಂದಿದ್ದರು. ಅವರಲ್ಲಿ ಉಡುಪಿ ಕಡೆಯ ಒಬ್ಬ ಅಂಕಲ್ ತಮಾಷೆಯ ಮನುಷ್ಯ. ಅಕ್ಕ ಬಿಲ್ಲೆ ತೋರಿಸಿದಳು. ಅವರು ಅದನ್ನು ಅಂಗೈಯಲ್ಲಿಟ್ಟು ತೂಗಿದ ಹಾಗೆ ಮಾಡಿದರು.

"ಇದು ರೋಮಿನವರು ನಮ್ಮ ಕರಾವಳಿಯ ಕಾಳುಮೆಣಸು ತಿಂದು ಖಾರ ಹತ್ತಿ ಕೊಟ್ಟ ದುಡ್ಡು ಮಾರಾಯ್ರೆ. ಘಟ್ಟ ಹತ್ತಿ ನಿಮ್ಮ ಕಡೆ ಹೇಗೆ ಬಂತು? ನ್ಯಾಯವಾಗಿ ನಮಗೆ ಸೇರಬೇಕು!"

ಎಲ್ಲರೂ ನಕ್ಕರು. ಅವರು ನನ್ನ ಕಡೆ ತಿರುಗಿ, "ಎಂತದಮ್ಮ, ನೋಡಿದ್ರೆ ಇಷ್ಟು ಪಾಪ ಕಾಣ್ತೀರಿ, ನೀವು ದೊಡ್ಡ ಸ್ಮಗ್ಲರ್ ಅಲ್ವಾ! ನೂರು ವರ್ಷ ದಾಟಿದ ವಸ್ತುವನ್ನ ಸರ್ಕಾರದ ಪರ್ಮಿಷನ್ ಇಲ್ಲದೆ ಇಂಡಿಯಾದಿಂದ ಹೊರಗೆ ತರುವ ಹಾಗೇ ಇಲ್ಲ. ಏರ್‌ಪೋರ್ಟಲ್ಲಿ ಹಿಡಿದಿದ್ರೆ ಸೀದಾ ಒಳಗೆ" ಎಂದರು.

ಮತ್ತೆ ಎಲ್ಲರೂ ನಕ್ಕರು. ನಿಮ್ಮತ್ತೆ, "ಅಮ್ಮನ್ನ ಹೆದರಿಸಬೇಡಿ" ಎಂದು ಪಲ್ಯ ಬಡಿಸಿದಳು. ಅಲ್ಲಿಗೆ ಅವರಿಗೆಲ್ಲ ಆ ಮಾತು ಮುಗಿಯಿತು. ನನಗೆ ಅಲ್ಲಿಂದಲೇ ಶುರುವಾಯಿತು.

ಮೊದಲ ಸಲ ಇಲ್ಲಿಗೆ ಬರುವಾಗ ತಂದ ಸಾಮಾನು ಬರೆಯಲೆಂದು ವಿಮಾನದಲ್ಲಿ ಕೊಟ್ಟ ಕಾರ್ಡನ್ನು ಪಕ್ಕದಲ್ಲಿದ್ದ ಹುಡುಗಿಯಿಂದ ತುಂಬಿಸಿದ್ದೆ. ಚಟ್ನಿಪುಡಿ, ಸಾರಿನಪುಡಿ, ಹುಣಸೆಹಣ್ಣು, ಎಲ್ಲವನ್ನೂ ಹೇಳಿ ಬರೆಸಿದ್ದೆ. ಕೌಂಟರಿನಲ್ಲಿ ಗಂಟು ಬಿಚ್ಚಿ ತೋರಿಸಿಯೂ ಇದ್ದೆ. ದೇವರ ಪೆಟ್ಟಿಗೆಯ ಮಾತು ಯಾರಿಗೂ ಹೇಳಿರಲಿಲ್ಲ. ದೇವರನ್ನು ಯಾರಾದರೂ ಬರೆಸುತ್ತಾರೆಯೇ? ಈಗ ನನ್ನ ಕಾಯಂ ವೀಸಾದ ಅರ್ಜಿ ಇನ್ನೂ ಸರ್ಕಾರದ ಮುಂದಿದೆ. ನಿಮ್ಮತ್ತೆ ಆಸ್ಪತ್ರೆಯಲ್ಲಿ ಹೆಸರು ಮಾಡಿದ್ದಾಳೆ, ನಿಮ್ಮಪ್ಪ ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ಕಷ್ಟಪಟ್ಟು ಮೇಲೆ ಬಂದಿದ್ದಾನೆ. ಟೀಚರ್ ತಿಳಿದವರಿಗೆ ಹೇಳುತ್ತಾರೆ, ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಒಂದು ದಿನ ಯಾರೋ ಬಂದು ಬಾಗಿಲು ತಟ್ಟುತ್ತಾರೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಇದೇ. ಹೊರಗೆ ಕಾರು ನಿಂತ ಸದ್ದಾದರೆ ಪರದೆ ಸರಿಸಿ ನೋಡುತ್ತಿದ್ದೆ. ಕೊರಿಯರಿನವನಿಗೆ ಬಾಗಿಲು ತೆಗೆಯದೆ ಒಳಗೇ ನಿಂತದ್ದೂ ಉಂಟು.

ಮಗಳನ್ನು ಕೇಳಬಹುದಿತ್ತು. ಅಳಿಯಂದಿರನ್ನು ಕೇಳಬಹುದಿತ್ತು. ಕೇಳಿದರೆ ಅವರಿಗೂ ಗೊತ್ತಿದ್ದ ಹಾಗಾಗುತ್ತದೆ, ಗೊತ್ತಿದ್ದರೆ ಅವರೂ ಸಿಕ್ಕಿಕೊಳ್ಳುತ್ತಾರೆ ಎಂದು ನನ್ನ ಲೆಕ್ಕ.

ಪ್ರಾಜೆಕ್ಟಿಗೆ ಎರಡು ದಿನ ಇರುವಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ಮೆಂತ್ಯದ ಡಬ್ಬಿಯ ತಳಕ್ಕೆ ತುರುಕಿದೆ. ಸಂಜೆ ಅಕ್ಕ ಪೆಟ್ಟಿಗೆ ತೆರೆದಳು.

"ಅಜ್ಜಿ, ಬಿಲ್ಲೆ ಎಲ್ಲಿ?"

"ಅಲ್ಲೇ ಇರಬೇಕಲ್ಲ."

"ಇಲ್ಲ."

"ಹಾಗಾದರೆ ಎಲ್ಲೋ ಬಿದ್ದಿರಬೇಕು ಕಂದ."

ನಾನು ಹೇಳಿದ್ದು ಅಷ್ಟೇ. ಅವಳು ಮಂಚದ ಕೆಳಗೆ ತೂರಿದಳು. ಸೋಫಾದ ದಿಂಬು ಕಿತ್ತಳು. ವ್ಯಾಕ್ಯೂಮ್ ಮೆಷಿನ್ನಿನ ಧೂಳನ್ನು ಹಿತ್ತಲಲ್ಲಿ ಪೇಪರಿನ ಮೇಲೆ ಸುರಿದು ಬೆರಳಿಂದ ಕೆದಕಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಗ್ಗರಣೆಗೆ ಮೆಂತ್ಯ ಬೇಕಿತ್ತು. ಆ ಡಬ್ಬಿ ಮುಟ್ಟಲಾಗದೆ ಬರೀ ಸಾಸಿವೆ ಹಾಕಿದೆ.

ಪ್ರಾಜೆಕ್ಟಿನ ದಿನ ಅವಳು ರಟ್ಟಿನಲ್ಲಿ ಮಾಡಿದ ರೋಮಿನ ಮನೆಯನ್ನು ತಬ್ಬಿಕೊಂಡು ಹೋದಳು, ಬಿಲ್ಲೆ ಇಲ್ಲದೆ. ತಿರುಗಿ ಬಂದು ಬ್ಯಾಗು ಇಟ್ಟು ಕೋಣೆ ಸೇರಿದಳು. ಬಹಳ ಕೇಳಿದ ಮೇಲೆ ಹೇಳಿದಳು. ಟೀಚರ್ ಏನೂ ಅನ್ನಲಿಲ್ಲವಂತೆ. ಆದರೆ ಕ್ಲಾಸಿನಲ್ಲಿ ಒಬ್ಬಳು, "ಇವಳ ಮನೇಲಿ ರೋಮಿನ ದೊರೆ ಇದ್ದನಂತೆ, ಇವತ್ತು ರಜಾ ಹಾಕಿದಾನಂತೆ" ಎಂದು ಆಡಿಕೊಂಡಳಂತೆ. ಫೋಟೋ ಇಂಟರ್ನೆಟ್ಟಿನಿಂದ ತೆಗೆದದ್ದು ಎಂದು ಇನ್ನೊಬ್ಬಳು. ಸುಳ್ಳು ಹೇಳಿದವಳು ನಾನು, ಸುಳ್ಳುಗಾತಿ ಅನ್ನಿಸಿಕೊಂಡವಳು ಅವಳು. ಅವಳಿಗೆ ದೋಸೆ ಹುಯ್ದು ಕೊಟ್ಟೆ.

ಆಮೇಲೆ ರಜೆ ಬಂತು. ನಾನು ಟಾರ್ನೀಟ್‌ಗೆ ಬರುವ ಸರದಿ, ಅಕ್ಕನೂ ಜೊತೆಗೆ ಹೊರಟಳು. ಬಿಲ್ಲೆಯನ್ನು ಡಬ್ಬಿಯಲ್ಲಿ ಬಿಟ್ಟರೆ ನಿಮ್ಮತ್ತೆ ಮೆಂತ್ಯ ಹುರಿಯುವಾಗ ಸಿಗುತ್ತದೆ. ಎಲ್ಲಾದರೂ ಎಸೆಯೋಣವೆಂದರೆ, ಮೂರು ತಲೆಮಾರು ಕೈಮುಗಿದದ್ದು. ಎಲೆಯಡಿಕೆ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಿಡ್ನಿ ಏರ್‌ಪೋರ್ಟಿನಲ್ಲಿ ಲೋಹವಿದ್ದರೆ ಕೂಗುವ ಆ ಬಾಗಿಲ ಚೌಕಟ್ಟಿನ ಮುಂದೆ ನಿಂತುಬಿಟ್ಟೆ. ಆಚೆ ನಿಂತ ಹೆಂಗಸು ನಗುತ್ತಾ ಕೈಮಾಡಿ ಕರೆದಳು. ಅಕ್ಕ ಹಿಂದಿನಿಂದ, "ಏನೂ ಆಗಲ್ಲ ಅಜ್ಜಿ, ನಾನಿದೀನಿ" ಎಂದಳು. ಚೌಕಟ್ಟು ಸದ್ದು ಮಾಡಲಿಲ್ಲ. ಸದ್ದು ಮಾಡಿದ್ದರೆ ಅಲ್ಲೇ ಮುಗಿಯುತ್ತಿತ್ತು ಎಂದು ವಿಮಾನದಲ್ಲಿ ಕೂತ ಮೇಲೆ ಅನ್ನಿಸಿತು.

ನಿಮಗೆ ನೆನಪಿರಬೇಕು, ಆ ಬುಧವಾರ ನಿಮ್ಮನ್ನು ಈಜು ಕ್ಲಾಸಿಗೆ ಬಿಟ್ಟು ನಾವಿಬ್ಬರೂ ನಿಮ್ಮಪ್ಪನ ಜೊತೆ ರೈಲಿನಲ್ಲಿ ಪೇಟೆಗೆ ಹೋದದ್ದು. ನಿಮ್ಮಪ್ಪ ಇಳಿದು ಆಫೀಸಿಗೆ ಹೋದ. ಅಕ್ಕ ಫೋನು ನೋಡಿಕೊಂಡು ನನ್ನನ್ನು ಟ್ರಾಮಿನಲ್ಲಿ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಅಲ್ಲಿ ರೋಮಿನವರ ಮನೆ ಸಾಮಾನುಗಳನ್ನು ಜೋಡಿಸಿಟ್ಟಿದ್ದರು. ನಾನು ಹೋಗಲು ಒಪ್ಪಿದ್ದೇ ಅವಳಿಗೆ ಸ್ವಲ್ಪ ಸಮಾಧಾನವಾಗಲಿ ಎಂದು.

ಗಾಜಿನೊಳಗೆ ಮಣ್ಣಿನ ದೀಪಗಳಿದ್ದವು, ಬತ್ತಿಯಿಡುವ ಮೂತಿ ಹೊಗೆ ಹಿಡಿದು ಕಪ್ಪಾಗಿತ್ತು. ಒಂದು ಬೀಸುಕಲ್ಲು ಇತ್ತು, ಮೇಲಿನ ಕಲ್ಲಿನ ನಡುವೆ ಕಾಳು ಹಾಕುವ ತೂತು. ಗೂಟ ಒಂದು ಇರಲಿಲ್ಲ, ಇದ್ದಿದ್ದರೆ ನಾನೇ ಕೂತು ಬೀಸುತ್ತಿದ್ದೆ. ಮೂಳೆಯ ಸೂಜಿ, ಬಾಚಣಿಗೆ, ಒಂದು ಮಗುವಿನ ಗಿಲಕಿ. ಅರಮನೆ ಕಟ್ಟಿದವರು, ಯುದ್ಧ ಗೆದ್ದವರು ಎಂದು ಕೇಳಿದ್ದೆ. ಅವರ ಹೆಂಗಸರೂ ನಮ್ಮ ಹಾಗೇ ಹಿಟ್ಟಿಗೆ, ಎಣ್ಣೆಗೆ ಒದ್ದಾಡಿದವರು ಎಂದು ಕಂಡಾಗ ಒಂದು ಗಳಿಗೆ ನನ್ನ ಹೆದರಿಕೆ ಮರೆಯಿತು.

ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯಗಳು. ಅಕ್ಕ ಬರಹ ಓದಿ ಹೇಳಿದಳು: "ರೋಮಿನ ನಾಣ್ಯ ಇಂಡಿಯಾದಲ್ಲೂ ಸಿಕ್ಕಿವೆ. ಕೆಲವಕ್ಕೆ ತೂತು ಇದೆ. ಅಲ್ಲಿಯವರು ಪೋಣಿಸಿ ಕೊರಳಿಗೆ ಹಾಕ್ಕೊಳ್ತಿದ್ರು." ಅಷ್ಟು ಓದಿ ಅವಳು ನನ್ನ ಕಡೆ ತಿರುಗಿದಳು.

"ಅಜ್ಜಿ, ನಮ್ಮದೂ ನಿಜವಾದದ್ದೇ ಇತ್ತು."

"ಹೂಂ."

"ನಾನೇ ಕಳೆದೆ. ಕಾಣೆಯಾಗೋ ಮೊದಲಿನ ಶುಕ್ರವಾರ ಬಸ್ಸಿಗೆ ಲೇಟಾಗಿತ್ತು. ಕುಂಕುಮ ಇಟ್ಟು ಪೆಟ್ಟಿಗೆ ಮುಚ್ಚಿದೆನೋ ಇಲ್ಲವೋ ನೆನಪೇ ಇಲ್ಲ. ನೀನು ಒಂದು ಮಾತೂ ಬೈಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅವಳು ಇಷ್ಟು ದಿನ ಹೀಗೆ ಅಂದುಕೊಂಡಿದ್ದಳು ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಹೆದರಿಕೆಯೊಳಗೆ ನಾನು ಅಷ್ಟು ಮುಳುಗಿದ್ದೆ. ಅಲ್ಲಿದ್ದ ಬೆಂಚಿನ ಮೇಲೆ ಕೂತು, ಸಂಚಿ ಬಿಚ್ಚಿ, ಅಡಿಕೆ ಚೂರಿನ ನಡುವಿನಿಂದ ಬಟ್ಟೆಯ ಗಂಟು ತೆಗೆದು ಅವಳ ಕೈಗಿಟ್ಟೆ. ಬಿಚ್ಚಿದಳು. ಮೆಂತ್ಯದ ವಾಸನೆ ಇನ್ನೂ ಹೋಗಿರಲಿಲ್ಲ.

ಅವಳು ಕೂಗಾಡಲಿಲ್ಲ. "ಎಲ್ಲಿತ್ತು?" ಎಂದಳು. ಹೇಳಿದೆ. "ಯಾಕೆ?" ಎಂದಳು. ಅದನ್ನೂ ಹೇಳಿದೆ, ಉಡುಪಿ ಅಂಕಲ್ ಅಂದದ್ದು, ವೀಸಾ, ಬಾಗಿಲು ತಟ್ಟುವವರು, ಎಲ್ಲವನ್ನೂ.

"ನಾನು ಧೂಳಲ್ಲಿ ಹುಡುಕ್ತಿದ್ದಾಗ ನೀನು ಕಿಟಕೀಲಿ ನಿಂತಿದ್ದೆ."

"ನಿಂತಿದ್ದೆ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವಳು ಬಿಲ್ಲೆ ಹಿಡಿದು ಎದ್ದು ಹೋಗಿ ಆ ಬದಿಯ ಗೋಡೆಗೆ ಮುಖ ಮಾಡಿ ನಿಂತಳು. ಭುಜ ಅಲುಗುತ್ತಿತ್ತು. ಹೋಗಿ ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಜನ ಓಡಾಡುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ, ನನ್ನನ್ನು ಕೇಳದೆ, ಅಲ್ಲಿ ಕೆಲಸ ಮಾಡುವ ಹೆಂಗಸಿನ ಹತ್ತಿರ ಹೋಗಿ ಮಾತಾಡಿದಳು. ನಾನು ಬೆಂಚಿನಿಂದಲೇ ನೋಡುತ್ತಿದ್ದೆ. ಆ ಹೆಂಗಸು ಬಗ್ಗಿ ನೋಡಿದಳು, ಮುಟ್ಟಲಿಲ್ಲ. ತಾನು ಹೇಳಲಾರೆ, ರೋಮಿನದೇ ಇರಬಹುದು, ಅದನ್ನು ನೋಡಿ ನಿಮ್ಮ ಕಡೆಯ ಅಕ್ಕಸಾಲಿಗರು ಮಾಡಿದ್ದೂ ಇರಬಹುದು, ಬಹಳ ಸವೆದಿದೆ ಎಂದಳಂತೆ. ಇಂಡಿಯಾದ ಕಾನ್ಸುಲೇಟ್ ಕಚೇರಿಗೆ ಮನೆಯ ದೊಡ್ಡವರು ಒಂದು ಪತ್ರ ಬರೆದು ಏನು ಮಾಡಬೇಕೆಂದು ಕೇಳುವುದು ಒಳ್ಳೆಯದು, ತಿಳಿಯದೆ ತಂದವರು ತಾವಾಗಿ ಹೇಳಿದರೆ ಹೆದರುವಂಥದ್ದೇನೂ ತನಗೆ ಕಾಣುವುದಿಲ್ಲ ಎಂದಳಂತೆ. ಇನ್ನು ಮೇಲೆ ತಿಕ್ಕಬೇಡಿ ಎಂದೂ ಹೇಳಿ ಕಳಿಸಿದಳು.

ಅಕ್ಕ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು.

"ಇನ್ನೇನೇನು ಸುಳ್ಳು ಹೇಳಿದೀಯ ನನಗೆ?"

ಇಲ್ಲ ಎನ್ನಬಹುದಿತ್ತು. ಯೋಚನೆ ಮಾಡಿದೆ.

"ಮಂಡಿ ನೋಯಲ್ಲ ಅಂತೀನಲ್ಲ, ಅದು ಸುಳ್ಳು. ಎಸ್ಸೆಸ್ಸೆಲ್ಸಿ ಓದಿದೀನಿ ಅಂದದ್ದು ಸುಳ್ಳು, ಏಳನೇ ಕ್ಲಾಸಿಗೇ ಬಿಡಿಸಿದರು. ನೀನು ಮಾಡಿದ ಪಾಸ್ತಾ ಚೆನ್ನಾಗಿದೆ ಅಂದದ್ದೂ."

"ಪಾಸ್ತಾನೂ?"

"ಉಪ್ಪೇ ಇರಲಿಲ್ಲ ಕಂದ."

ಅವಳು ನಗಲಿಲ್ಲ, ಆದರೆ ಬಾಯಿ ಒಂದು ಕಡೆ ಎಳೆಯಿತು. ಮೂಗು ಒರೆಸಿಕೊಂಡಳು. "ಸ್ಕೂಲಲ್ಲಿ ನಾನು ಏನು ಹೇಳಲಿ?"

"ಅಜ್ಜಿ ಬಚ್ಚಿಟ್ಟಿದ್ದಳು ಅಂತ ಹೇಳು. ನಿನ್ನ ಟೀಚರ್ ಹತ್ತಿರ ನಾನೇ ಬಂದು ಹೇಳ್ತೀನಿ. ನನ್ನ ಕನ್ನಡವನ್ನ ನೀನು ಇಂಗ್ಲಿಷ್ ಮಾಡು, ಒಂದು ಮಾತೂ ಬಿಡಬೇಡ."

"ಮೊದಲು ಅಮ್ಮನಿಗೆ ಹೇಳು. ನಾನು ಹೇಳಲ್ಲ. ನೀನೇ ಹೇಳಬೇಕು. ಈಗಲೇ."

ಅವಳು ತನ್ನ ಫೋನಿನಲ್ಲಿ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು. ನಿಮ್ಮತ್ತೆ ಕೆಲಸದಲ್ಲಿದ್ದಳು, ಎತ್ತುವುದಿಲ್ಲ ಎಂದುಕೊಂಡೆ, ಎತ್ತದಿರಲಿ ಎಂದೂ ಅಂದುಕೊಂಡೆ. ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಯಾರೋ ಮಾತಾಡುವ ಸದ್ದು, ಗಾಲಿ ಉರುಳುವ ಸದ್ದು.

"ಏನಮ್ಮ, ಈ ಹೊತ್ತಲ್ಲಿ? ಏನಾಯ್ತು?"

ಮಕ್ಕಳು ಹಾಗೆ ಕೇಳಿದಾಗ ಏನೂ ಇಲ್ಲ ಎಂದೇ ನಾನು ಇಷ್ಟು ವರ್ಷ ಹೇಳಿದವಳು. ಆ ಮಾತು ಆಗಲೂ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು.

"ಆಗಿದೆಯಮ್ಮ" ಎಂದೆ. "ಸ್ವಲ್ಪ ಹೊತ್ತು ಬೇಕು. ಎಲ್ಲಾದರೂ ಕೂತ್ಕೊಂಡು ಕೇಳ್ತೀಯಾ?"

ಅಕ್ಕ ಬೆಂಚಿನ ಮೇಲೆ ಸರಿದು ಹತ್ತಿರ ಬಂದಳು. ನಾನು ಏನು ಹೇಳುತ್ತೇನೆ ಎಂದು ಕೇಳಿಸಿಕೊಳ್ಳಲು ಬಂದದ್ದು. ಅಷ್ಟಕ್ಕೇ ಬಂದಿರಬಹುದು, ನನಗೆ ಗೊತ್ತಿಲ್ಲ. ನಾನು ಮೆಂತ್ಯದ ಡಬ್ಬಿಯಿಂದ ಶುರು ಮಾಡಿದೆ.